ಕಲಿಸಿ, ಕೆಡಿಸಿ, ನೋಡಿದ್ದು

ಆಲೂರು ದಾಟಿ ಸಕಲೇಶಪುರದ ಕಡೆ ಹೋಗುವ ಒಳದಾರಿಯಲ್ಲೊಂದು ಕಾಫಿ ತೋಟ. ಮಾತಾಡುವವರು ಇಬ್ಬರು. ಒಬ್ಬರು ತೋಟದ ಬೆಳೆಗಾರರು, ಇನ್ನೊಬ್ಬರು ಮೈಸೂರಿನಲ್ಲಿ ಓದಿ ಬಂದ ವಾಕ್ ಚಿಕಿತ್ಸಕಿ. ಮಳೆ ಹಿಡಿದು ತೋಟದ ಕೆಲಸವೆಲ್ಲ ನಿಂತಿದೆ.

ಬೆಳೆಗಾರ: ನಮ್ಮ ತೋಟದ ರೈಟರ್, ಲೆಕ್ಕ ಬರೆಯೋನು, ನಮ್ಮಪ್ಪನ ಕಾಲದಿಂದ ಆಳುಗಳ ಚೆಕ್‌ರೋಲ್ ಬರೆದವನು. ಲಕ್ವ ಹೊಡೆದ ಮೇಲೆ ಕೈಕಾಲು ಸುಮಾರಾಗಿ ಸರಿಹೋಯ್ತು. ಅವನು ಓದೋದು ಕೇಳಿದ್ರೆ ಮಾತ್ರ ನನಗೆ ತಲೆ ಕೆಡುತ್ತೆ. ಚೀಲದ ಮೇಲೆ ‘ಏಲಕ್ಕಿ’ ಅಂತ ಬರೆದಿದೆ, ಇವನು ‘ಮೆಣಸು’ ಅಂತ ಓದ್ತಾನೆ. ಓದೋಕೇ ಬರಲ್ಲ ಅಂದ್ರೆ ಒಪ್ಕೋಬಹುದು. ಏಲಕ್ಕಿ ಅಂತ ತಿಳಿಯದವನಿಗೆ ಮೆಣಸು ಎಲ್ಲಿಂದ ಹೊಳೀತು? ಮನೆಯವರು ಮೊದಲು ತಮಾಷೆ ಅಂದ್ಕೊಂಡ್ರು, ಆಮೇಲೆ ಬೈದ್ರು.

ಚಿಕಿತ್ಸಕಿ: ಬೆಳಿಗ್ಗೆ ನಾನೂ ಚೀಟಿಗಳ ಮೇಲೆ ಬರೆದು ತೋರಿಸಿದೆ ಸಾರ್. ‘ಕತ್ತಿ’ಗೆ ‘ಕೊಡಲಿ’ ಅಂದ್ರು. ‘ಹಸು’ಗೆ ‘ಹಾಲು’. ‘ಬಾವಿ’ ತೋರಿಸಿದ್ರೆ ‘ಬಾಳೆ’. ಅದು ಅರ್ಥದ ತಪ್ಪಲ್ಲ, ರೂಪದ್ದು, ನೋಡೋಕೆ ಹತ್ತಿರ ಇದೆ. ಕೊನೆಗೆ ‘ಲಗೇಮು’ ಅಂತ ಅರ್ಥವೇ ಇಲ್ಲದ ಒಂದು ಪದ ಬರೆದುಕೊಟ್ಟೆ. ಒಂದನೇ ಕ್ಲಾಸಿನ ಮಗು ಕೂಡ ಅಕ್ಷರ ಕೂಡಿಸಿ ಓದುತ್ತೆ ಅದನ್ನ. ಇವರು ಚೀಟಿ ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು, ‘ಇದು ಇಲ್ಲ’ ಅಂತ ನನ್ನ ಕೈಗೇ ವಾಪಸ್ ಇಟ್ಟುಬಿಟ್ರು.

ಬೆಳೆಗಾರ: ‘ಇದು ಇಲ್ಲ’ ಅಂದನಾ? ಹಾಗಾದ್ರೆ ಬುದ್ಧಿ ನೆಟ್ಟಗಿದೆ.

ಚಿಕಿತ್ಸಕಿ: ನೆಟ್ಟಗಿದೆ. ಅಕ್ಷರದಿಂದ ಧ್ವನಿಗೆ ನೇರ ಹೋಗುವ ದಾರಿ ಮುಚ್ಚಿದೆ. ಉಳಿದಿರೋದು ಅರ್ಥದ ಮೂಲಕ ಸುತ್ತಿ ಬರುವ ದಾರಿ, ಅದೂ ಅಲ್ಲಲ್ಲಿ ಕಿತ್ತುಹೋಗಿದೆ. ಇಂಥ ಓದನ್ನ ಡೀಪ್ ಡಿಸ್ಲೆಕ್ಸಿಯಾ ಅಂತಾರೆ. 1966ರಲ್ಲಿ ಜಾನ್ ಮಾರ್ಷಲ್, ಫ್ರೆಡಾ ನ್ಯೂಕಂಬ್ ಅನ್ನೋ ಇಬ್ಬರು ಇಂಗ್ಲೆಂಡಿನ ಒಬ್ಬ ಮಾಜಿ ಸೈನಿಕನ ಬಗ್ಗೆ ಬರೆದ್ರು. ಎರಡನೇ ಮಹಾಯುದ್ಧದಲ್ಲಿ ಎಡಮಿದುಳಿಗೆ ಗುಂಡು ಬಿದ್ದವನು. ‘ಕೆನರಿ’ ಅನ್ನೋ ಹಕ್ಕಿಯ ಹೆಸರು ತೋರಿಸಿದ್ರೆ ‘ಗಿಣಿ’ ಅಂತ ಓದ್ತಿದ್ದ. ನಿಮ್ಮ ರೈಟರ್ ಥರದವನೇ.

ಬೆಳೆಗಾರ: ಸರಿ, ಹೆಸರು ಗೊತ್ತಾಯ್ತು. ಕಾರಣ? ನೀವು ಫೋನಲ್ಲಿ ಏನೋ ಕಂಪ್ಯೂಟರಿಗೆ ಲಕ್ವ ಹೊಡೆಸಿ ನೋಡಿದ್ದಾರೆ ಅಂದ್ರಿ.

ಚಿಕಿತ್ಸಕಿ: ಹೌದು. ಹಾಗೆ ಮಾಡಿದ್ದು ಜೆಫ್ರಿ ಹಿಂಟನ್ ಮತ್ತು ಟಿಮ್ ಶಾಲಿಸ್, 1991ರಲ್ಲಿ. ಹಿಂಟನ್ ಅಂದ್ರೆ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಶಾಲಿಸ್ ಮಿದುಳು ಪೆಟ್ಟಾದವರನ್ನ ಜೀವಮಾನವಿಡೀ ಪರೀಕ್ಷೆ ಮಾಡಿದ ಮನಶ್ಶಾಸ್ತ್ರಜ್ಞ. ಇಬ್ಬರೂ ಸೇರಿ ಒಂದು ಪುಟ್ಟ ನರಜಾಲ ಕಟ್ಟಿದ್ರು. ನಿಜವಾದ ನರ ಅಲ್ಲ, ಕಂಪ್ಯೂಟರಿನೊಳಗಿನ ಲೆಕ್ಕ. ಒಂದು ಕಡೆ ಅಕ್ಷರಗಳನ್ನ ಗುರುತಿಸುವ 28 ಘಟಕ, ಇನ್ನೊಂದು ಕಡೆ ಅರ್ಥದ ಚೂರುಗಳು 68: ತಿನ್ನೋದಾ, ಜೀವ ಇದೆಯಾ, ಮನೆಯೊಳಗಿರುತ್ತಾ, ಮೆತ್ತಗಿದೆಯಾ, ಹೀಗೆ. ಅದಕ್ಕೆ ಕಲಿಸಿದ್ದು ಬರೀ 40 ಚಿಕ್ಕ ಇಂಗ್ಲಿಷ್ ಪದ.

ಬೆಳೆಗಾರ: ನಲವತ್ತೇ? ನಮ್ಮ ನಾಯಿಗೆ ಅದಕ್ಕಿಂತ ಹೆಚ್ಚು ಗೊತ್ತು.

ಚಿಕಿತ್ಸಕಿ: ಇರಬಹುದು. ನಾಯಿಯ ತಲೆ ಬಿಚ್ಚಿ ಒಂದೊಂದೇ ಎಳೆ ಕತ್ತರಿಸಿ ನೋಡೋಕಾಗಲ್ವಲ್ಲ. ಇಲ್ಲಿ ಆಗುತ್ತೆ. ನಲವತ್ತೂ ತಪ್ಪಿಲ್ಲದೆ ಬಂದ ಮೇಲೆ ಅವರು ಜಾಲವನ್ನ ಬೇಕಂತಲೇ ಕೆಡಿಸಿದ್ರು. ಒಂದ್ಸಲ ಅಕ್ಷರದ ಹತ್ತಿರದ ಕೊಂಡಿಗಳು, ಇನ್ನೊಂದ್ಸಲ ಅರ್ಥದ ಹತ್ತಿರದ್ದು, ಮತ್ತೊಂದ್ಸಲ ಕೊಂಡಿ ಹಾಗೇ ಬಿಟ್ಟು ಘಟಕಗಳನ್ನೇ ತೆಗೆದದ್ದು. ಕೆಡಿಸಿದಾಗೆಲ್ಲ ಮತ್ತೆ ಓದಿಸಿ, ತಪ್ಪುಗಳನ್ನ ಬರೆದುಕೊಂಡ್ರು.

ಬೆಳೆಗಾರ: ತಪ್ಪು ಬಂದಿರುತ್ತೆ. ಅದರಲ್ಲೇನು ಆಶ್ಚರ್ಯ? ನನ್ನ ಫೋನಿಗೆ ‘ಆಲೂರು’ ಅಂದ್ರೆ ‘ಆಲೂಗಡ್ಡೆ’ ತೋರಿಸುತ್ತೆ.

ಚಿಕಿತ್ಸಕಿ: ಆಶ್ಚರ್ಯ ತಪ್ಪು ಬಂದದ್ದಕ್ಕಲ್ಲ, ತಪ್ಪಿನ ಜಾತಿಗೆ. ಎಲ್ಲಿ ಕತ್ತರಿಸಿದ್ರೂ ಅರ್ಥದ ತಪ್ಪೂ ಬಂತು, ರೂಪದ ತಪ್ಪೂ ಬಂತು, ಎರಡೂ ಬೆರೆತದ್ದೂ ಬಂತು. ಬೆರಕೆ ತಪ್ಪಂತೂ ಆಕಸ್ಮಿಕವಾಗಿ ಬರಬೇಕಾದ್ದಕ್ಕಿಂತ ಹೆಚ್ಚು. ರೋಗಿಗಳಲ್ಲೂ ಹೀಗೇನೇ. ಈ ತಪ್ಪುಗಳನ್ನ ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಅದಕ್ಕೆ ಮುಂಚೆ ನಮ್ಮ ಪಠ್ಯಗಳಲ್ಲಿ ಓದಿನ ಚಿತ್ರ ಅಂದ್ರೆ ಚೌಕಗಳು, ಚೌಕಗಳ ನಡುವೆ ಬಾಣಗಳು. ಆ ಚಿತ್ರದ ಪ್ರಕಾರ ‘ಹಸು’ಗೆ ‘ಹಾಲು’ ಅನ್ನಬೇಕಾದ್ರೆ ಒಂದು ಕಡೆ ಕೆಡಬೇಕು, ‘ಬಾವಿ’ಗೆ ‘ಬಾಳೆ’ ಅನ್ನಬೇಕಾದ್ರೆ ಬೇರೆ ಕಡೆ ಕೆಡಬೇಕು. ಅಂದ್ರೆ ರೈಟರ್ ತಲೆಯಲ್ಲಿ ಎರಡು ಮೂರು ಕಡೆ ಬೇರೆ ಬೇರೆ ಹಾನಿ ಆಗಿದೆ ಅಂತ ಹೇಳಬೇಕಾಗ್ತಿತ್ತು. ಒಂದೇ ಹಾನಿ ಸಾಕು ಅಂತ ತೋರಿಸಿದ್ದು ಈ ನಲವತ್ತು ಪದದ ಯಂತ್ರ.

ಬೆಳೆಗಾರ: ಅದು ಹೇಗೆ ಸಾಕಾಗುತ್ತೆ? ಅರ್ಥದ ಕಡೆ ಕೆಡಿಸಿದ್ರೆ ಅರ್ಥ ತಪ್ಪಬೇಕು. ರೂಪ ಯಾಕೆ ತಪ್ಪುತ್ತೆ?

ಚಿಕಿತ್ಸಕಿ: ನೀವು ಬಿಸಿಲೆ ಕಡೆ ಆ ರಿಡ್ಜ್ ನೋಡಿದ್ದೀರಲ್ಲ, ನೀರು ಇಬ್ಭಾಗ ಆಗೋ ಜಾಗ?

ಬೆಳೆಗಾರ: ನೋಡದೇ ಏನು. ಈ ಕಡೆ ಬಿದ್ದ ಹನಿ ಹೇಮಾವತಿ, ಗೊರೂರು, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ. ಆ ಕಡೆ ಬಿದ್ದದ್ದು ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ.

ಚಿಕಿತ್ಸಕಿ: ಎರಡು ಹನಿ ಬಿದ್ದದ್ದು ಮಾರು ದೂರದಲ್ಲಿ, ಸೇರಿದ್ದು ಬೇರೆ ಬೇರೆ ಕಡಲು. ಜಾಲದೊಳಗೆ ಪ್ರತಿ ಪದದ ಅರ್ಥಕ್ಕೂ ಒಂದೊಂದು ಕಣಿವೆ ಅಂತ ಇಟ್ಕೊಳ್ಳಿ. ಅಕ್ಷರ ಕಂಡ ಕೂಡಲೇ ಜಾಲ ಸರಿಯಾದ ಅರ್ಥಕ್ಕೆ ನೆಗೆಯಲ್ಲ, ದಿಬ್ಬದ ಮೇಲೆ ಎಲ್ಲೋ ಒಂದು ಕಡೆ ಹನಿ ಹಾಗೆ ಬೀಳುತ್ತೆ, ಅಲ್ಲಿಂದ ಇಳಿದು ತನ್ನ ಕಣಿವೆ ಸೇರುತ್ತೆ. ‘ಬಾವಿ’, ‘ಬಾಳೆ’ ನೋಡೋಕೆ ಒಂದೇ ಥರ ಇರೋದ್ರಿಂದ ಎರಡೂ ದಿಬ್ಬದ ಮೇಲೆ ಅಕ್ಕಪಕ್ಕ ಬೀಳ್ತವೆ. ‘ಹಸು’, ‘ಹಾಲು’ ಇವುಗಳ ಕಣಿವೆಗಳೇ ಅಕ್ಕಪಕ್ಕ. ಈಗ 2018ರ ಆಗಸ್ಟ್‌ನಲ್ಲಿ ಶಿರಾಡಿಯಲ್ಲಿ ಆದ ಹಾಗೆ ಗುಡ್ಡ ಕುಸೀತು ಅನ್ನಿ. ದಿಬ್ಬದ ಏಣು ಒಂದಿಷ್ಟು ಸರಿಯುತ್ತೆ. ನಿನ್ನೆ ಈ ಕಡೆ ಹರೀತಿದ್ದ ಹನಿ ಇವತ್ತು ಆ ಕಡೆ. ಕುಸಿತ ಆದದ್ದು ಒಂದೇ ಕಡೆ. ಆದರೆ ಅಕ್ಕಪಕ್ಕ ಬಿದ್ದ ಹನಿಗಳೂ ತಪ್ಪಿದವು, ಅಕ್ಕಪಕ್ಕದ ಕಣಿವೆಗಳೂ ಅದಲುಬದಲಾದವು.

ಬೆಳೆಗಾರ: ಹೂಂ. ಅಂದ್ರೆ ಅವನು ‘ಮೆಣಸು’ ಅಂದಾಗ ಊಹೆ ಮಾಡಿದ್ದಲ್ಲ. ಅವನಿಗೆ ಅದು ಮೆಣಸು ಅಂತಲೇ ಕಾಣಿಸಿದೆ.

ಚಿಕಿತ್ಸಕಿ: ನನಗೂ ಹಾಗೇ ಅನ್ನಿಸೋದು. ಕಣಿವೆ ತಲುಪಿ ಆಗಿದೆ, ತಲುಪಿದ್ದು ಪಕ್ಕದ್ದು. ಅದಕ್ಕೇ ಅಷ್ಟು ಧೈರ್ಯವಾಗಿ ಹೇಳ್ತಾರೆ. ಬೈದ್ರೆ ಪ್ರಯೋಜನ ಇಲ್ಲ ಅನ್ನೋದೂ ಅದಕ್ಕೇ. ನೆನಪನ್ನ ಹೀಗೆ ಇಳಿಜಾರಿನ ಲೆಕ್ಕದಲ್ಲಿ ಮೊದಲು ಬರೆದು ತೋರಿಸಿದವರಲ್ಲಿ ಜಾನ್ ಹಾಪ್‌ಫೀಲ್ಡ್ ಮುಖ್ಯ, 1982ರಲ್ಲಿ. ಹಿಂಟನ್ ಜೊತೆ ನೊಬೆಲ್ ಹಂಚಿಕೊಂಡವರು ಅವರೇ.

ಬೆಳೆಗಾರ: ಇನ್ನೊಂದು ನೋಡಿದೀನಿ. ‘ಕಾಫಿ’, ‘ಗೊಬ್ಬರ’, ‘ಕುಕ್ಕೆ’ ಇಂಥವು ಎಷ್ಟೋ ಸಲ ಸರಿಯಾಗಿ ಬರ್ತವೆ. ‘ನ್ಯಾಯ’, ‘ಆಸೆ’, ‘ಬಾಕಿ’ ಇಂಥವು ಬರೋದೇ ಇಲ್ಲ. ಬಾಕಿ ಅನ್ನೋ ಪದ ಜೀವನವಿಡೀ ಬರೆದವನು ಕಣಮ್ಮ!

ಚಿಕಿತ್ಸಕಿ: ಕೈಗೆ ಸಿಗೋ ವಸ್ತುವಿಗೆ ಅರ್ಥದ ಚೂರುಗಳು ಹೆಚ್ಚು. ಬಣ್ಣ, ವಾಸನೆ, ತೂಕ, ಜಾಗ. ‘ನ್ಯಾಯ’ಕ್ಕೆ ಕಡಿಮೆ. ಡೇವಿಡ್ ಪ್ಲೌಟ್ ಮತ್ತು ಶಾಲಿಸ್ 1993ರಲ್ಲಿ ಇದನ್ನೇ ಜಾಲದಲ್ಲಿ ಇಟ್ಟು ನೋಡಿದ್ರು. ಚೂರು ಹೆಚ್ಚಿದ್ದ ಪದಗಳು ಪೆಟ್ಟು ತಡೆದುಕೊಂಡವು. ಆದರೆ ತಮಾಷೆ ಇರೋದು ಮುಂದೆ. ಅರ್ಥವನ್ನ ತಿದ್ದಿ ಕೂರಿಸುವ ಭಾಗವನ್ನೇ ಜೋರಾಗಿ ಕೆಡಿಸಿದಾಗ ಎಲ್ಲ ಉಲ್ಟಾ: ‘ನ್ಯಾಯ’ದಂಥ ಪದ ಉಳೀತು, ವಸ್ತುವಿನ ಪದ ಹೋಯ್ತು. ಹಾಗೆ ಓದುವ ರೋಗಿಯೂ ಒಬ್ಬ ಅದಕ್ಕೆ ಮೊದಲೇ ದಾಖಲಾಗಿದ್ದ. ಎರಡಕ್ಕೂ ಬೇರೆ ಬೇರೆ ಗೋದಾಮು ಬೇಕಾಗಿಲ್ಲ ಅಂತ ಆಯ್ತು.

ಬೆಳೆಗಾರ: ಗೋದಾಮು ಅಂದಾಗ ನೆನಪಾಯ್ತು. ಪಕ್ಕದ ಊರಿನ ಹೆಂಗಸೊಬ್ಬರು, ಮೆದುಳು ಜ್ವರ ಬಂದು ಉಳಿದವರು. ಸೌಟು, ಕುಡುಗೋಲು, ಕೊಡ ಎಲ್ಲ ಗೊತ್ತು. ಕೊಟ್ಟಿಗೆಯಲ್ಲಿರೋ ಎಮ್ಮೆ ಗೊತ್ತಾಗಲ್ವಂತೆ.

ಚಿಕಿತ್ಸಕಿ: ಹರ್ಪಿಸ್ ವೈರಸ್ಸಿನ ಮೆದುಳು ಜ್ವರದ ನಂತರ ಹಾಗಾಗೋದಿದೆ. ಎಲಿಜಬೆತ್ ವಾರಿಂಗ್ಟನ್ ಮತ್ತು ಇದೇ ಶಾಲಿಸ್ 1984ರಲ್ಲಿ ಅಂಥ ರೋಗಿಗಳ ಬಗ್ಗೆ ಬರೆದಿದ್ದಾರೆ. ಪ್ರಾಣಿ, ಗಿಡ, ತಿಂಡಿ ತಿಳಿಯಲ್ಲ. ಉಪಕರಣ ತಿಳಿಯುತ್ತೆ. ಮಿದುಳಲ್ಲಿ ಜೀವಿಗಳಿಗೇ ಬೇರೆ ಕೋಣೆ ಇದೆಯಾ ಅಂತ ಪ್ರಶ್ನೆ ಎದ್ದಿತು. 1991ರಲ್ಲಿ ಮಾರ್ತಾ ಫಾರಾ, ಜೇಮ್ಸ್ ಮೆಕ್‌ಲೆಲ್ಯಾಂಡ್ ಒಂದು ಜಾಲ ಮಾಡಿದ್ರು. ಅದರಲ್ಲಿ ಜೀವಿ–ವಸ್ತು ಅನ್ನೋ ವಿಭಾಗವೇ ಇರಲಿಲ್ಲ. ಕಣ್ಣಿಗೆ ಕಾಣುವ ಗುಣ, ಉಪಯೋಗದ ಗುಣ, ಇವೆರಡೇ. ನಿಘಂಟಿನ ವಿವರಣೆಗಳನ್ನ ಜನರಿಗೆ ಓದಿಸಿ ಗೆರೆ ಹಾಕಿಸಿದಾಗ ಜೀವಿಗಳಲ್ಲಿ ಕಣ್ಣಿನ ಗುಣ ಉಪಯೋಗದ ಗುಣಕ್ಕಿಂತ 7.7 ಪಟ್ಟು, ವಸ್ತುಗಳಲ್ಲಿ ಬರೀ 1.4 ಪಟ್ಟು. ಅದೇ ಪ್ರಮಾಣದಲ್ಲಿ ಜಾಲಕ್ಕೆ ಕಲಿಸಿ ಕಣ್ಣಿನ ಭಾಗ ಕೆಡಿಸಿದ್ರು. ಜೀವಿಗಳು ಹೋದವು, ವಸ್ತು ಉಳಿದವು.

ಬೆಳೆಗಾರ: ಎಮ್ಮೆ ಕಾಣೋದು ಹೇಗೆ ಅನ್ನೋದು ಮರೆತ್ರೂ ಹಾಲು ಕೊಡುತ್ತೆ ಅನ್ನೋದು ನೆನಪಿರಬೇಕಲ್ಲ?

ಚಿಕಿತ್ಸಕಿ: ಅದೂ ಕುಗ್ಗಿತು. ಜಾಸ್ತಿ ಭಾಗ ಬಿದ್ದುಹೋದ ಮೇಲೆ ಉಳಿದ ಚೂರಿಗೆ ತಾನೊಂದೇ ಏಳೋ ಶಕ್ತಿ ಇರಲ್ಲ. ಆ ಪ್ರಬಂಧದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ.

ಬೆಳೆಗಾರ: ನನಗೆ ಹಿಡಿಸದೇ ಇರೋದು ಆ 7.7. ಅದು ನಿಘಂಟಿನ ಲೆಕ್ಕ. ಏಲಕ್ಕಿ ನಮಗೆ ಕಣ್ಣಿನ ವಸ್ತುವೇನಮ್ಮ? ಒಣಗಿಸೋ ಮನೆಯ ಬಾಗಿಲು ತೆಗೆದ್ರೆ ಮೂಗಿಗೆ ಮೊದಲು ಗೊತ್ತಾಗುತ್ತೆ. ಆನೆ? ಪೇಟೆಯವರಿಗೆ ಅದು ಸೊಂಡಿಲು, ದಂತ. ನಮಗೆ ಅದು ಬೆಳಗಿನ ಜಾವ ಬೈನೆ ಮರ ಮುರಿಯೋ ಸದ್ದು, ಹೊತ್ತಿಗೆ ಮುಂಚೆ ಕೆಲಸದವರನ್ನ ಮನೆಗೆ ಕಳಿಸೋ ಭಯ.

ಚಿಕಿತ್ಸಕಿ: ನೀವು ಹೇಳಿದ್ದೇ ಸರಿಯಾದ ಆಕ್ಷೇಪಣೆ. ಜಾಲ ಎಷ್ಟು ಜಾಣ ಅನ್ನೋದು ಅದಕ್ಕೆ ತಿನ್ನಿಸಿದ್ದರ ಮೇಲೆ ನಿಂತಿದೆ. ನಿಮ್ಮ ರೈಟರ್‌ಗೆ ಹೊಂದೋ ಜಾಲ ಬೇಕು ಅಂದ್ರೆ ಸಕಲೇಶಪುರದ ತೋಟದಿಂದ ಗುಣಗಳ ಪಟ್ಟಿ ಮಾಡಬೇಕು. ಲಿಪಿಯ ವಿಷಯ ಇನ್ನೂ ದೊಡ್ಡದು. ಇಂಗ್ಲಿಷ್‌ನಲ್ಲಿ ‘ಮಿಂಟ್’ ಬರೆಯೋ ಥರವೇ ‘ಪೈಂಟ್’ ಬರೀತಾರೆ, ಒಂದು ಅಕ್ಷರ ಮಾತ್ರ ಬೇರೆ, ಆದರೆ ಓದೋದು ಬೇರೆ ಥರ. ಅರ್ಥ ಕಳಕೊಳ್ಳೋ ಥರದ ಮರೆವು ಬಂದವರು ಅದನ್ನ ‘ಪಿಂಟ್’ ಅಂದುಬಿಡ್ತಾರೆ. ಡಾಕ್ಟರಿಗೆ ಸುಳಿವು ಸಿಗುತ್ತೆ. ಕನ್ನಡದಲ್ಲಿ ಬರೆದದ್ದನ್ನ ಹಾಗೇ ಓದಬಹುದು. ಹಾಗಾಗಿ ನಮ್ಮವರೊಬ್ಬರು ಅರ್ಥ ಪೂರಾ ಕಳಕೊಂಡಿದ್ರೂ ಪೇಪರ್ ಲೊಡಲೊಡ ಓದಿಬಿಡಬಹುದು. ‘ದಿನಾ ಪೇಪರ್ ಓದ್ತಾರೆ, ತಲೆಗೇನಾಗಿದೆ’ ಅಂತ ಮನೆಯವರು ಹೇಳೋದನ್ನ ಕೇಳಿದಾಗೆಲ್ಲ ನನಗೆ ಅನುಮಾನ.

ಬೆಳೆಗಾರ: ಕನ್ನಡದ ಮೇಲೆ ಯಾರೂ ಕೆಲಸ ಮಾಡಿಲ್ವಾ ಹಾಗಾದ್ರೆ?

ಚಿಕಿತ್ಸಕಿ: ರೋಗಿಗಳ ಮೇಲೆ ಮಾಡಿದ್ದಾರೆ. ಪ್ರತಿಭಾ ಕಾರಂತ್ 1981ರಲ್ಲೇ ‘ಕಾರ್ಟೆಕ್ಸ್’ ಪತ್ರಿಕೆಯಲ್ಲಿ ಕನ್ನಡ–ಇಂಗ್ಲಿಷ್ ಎರಡೂ ಬಲ್ಲ ಒಬ್ಬರ ಶುದ್ಧ ಅಲೆಕ್ಸಿಯಾ ಬಗ್ಗೆ ಬರೆದ್ರು. ಆ ತೊಂದರೆ ಇದ್ದವರಿಗೆ ಬರೆಯೋಕೆ ಬರುತ್ತೆ, ತಾವೇ ಬರೆದದ್ದನ್ನ ಓದೋಕಾಗಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕೆ ಅಂತಲೇ ಅಫೇಸಿಯಾ, ಅಂದ್ರೆ ಮಿದುಳಿನ ಪೆಟ್ಟಿನಿಂದ ಮಾತು ಕೆಡೋದರ, ಪರೀಕ್ಷೆಗಳಿವೆ. ಬೆಂಗಳೂರಲ್ಲಿ ಸೋನಾಲಿ ನಾಗ್ ಮಕ್ಕಳು ಕನ್ನಡದ ಅಕ್ಷರಗಳನ್ನ ಯಾವ ವೇಗದಲ್ಲಿ ಕಲೀತಾರೆ ಅಂತ 2007ರಲ್ಲಿ ತೋರಿಸಿದ್ರು. ಒತ್ತಕ್ಷರ, ಗುಣಿತ ಎಲ್ಲ ಸೇರಿ ನಮ್ಮ ಅಕ್ಷರಗಳು ನೂರಾರು, ಮಕ್ಕಳಿಗೆ ಹಿಡಿತ ಬರೋಕೆ ವರ್ಷಗಳು ಬೇಕು. ಅದನ್ನೆಲ್ಲ ಸೇರಿಸಿ ಜಾಲಕ್ಕೆ ಕಲಿಸಿ ಕೆಡಿಸಿ ನೋಡೋ ಕೆಲಸಕ್ಕೆ ಸಾಮಗ್ರಿ ನಮ್ಮಲ್ಲೇ ಇದೆ. ಸಾಫ್ಟ್‌ವೇರಿಗೆ ಹೆಸರಾದ ರಾಜ್ಯ ನಮ್ಮದು, ಇಷ್ಟು ಮಾಡೋಕೆ ಏನು ಕಷ್ಟ ಅಂತ ನನಗೆ ಸಿಟ್ಟೂ ಬರುತ್ತೆ.

ಬೆಳೆಗಾರ: ಸಿಟ್ಟು ಇರಲಿ. ಇವನು ಘಟ್ಟದ ಕೆಳಗಿನವನು, ಮನೆಮಾತು ತುಳು. ಕನ್ನಡ ಸ್ಕೂಲಲ್ಲಿ ಕಲಿತದ್ದು. ಆಳುಗಳ ಜೊತೆ ತಮಿಳೂ ಆಡ್ತಿದ್ದ. ಈಗ ಯಾವುದರಲ್ಲಿ ಮಾತು ಕಲಿಸೋದು? ಒಬ್ಬರು ಒಂದೇ ಭಾಷೆ ಸಾಕು, ಉಳಿದದ್ದು ಬಿಡಿಸಿ ಅಂದ್ರು.

ಚಿಕಿತ್ಸಕಿ: ಬಿಡಿಸಬೇಡಿ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಅವರ ತಂಡ 608 ಜನ ಪಾರ್ಶ್ವವಾಯು ರೋಗಿಗಳ ದಾಖಲೆ ನೋಡಿದ್ರು, 2016ರಲ್ಲಿ ಪ್ರಕಟವಾಯ್ತು. ಅವರು ಆಮೇಲೆ ನಮ್ಮ ನಿಮ್ಹಾನ್ಸ್‌ಗೆ ಬಂದ್ರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಶೇಕಡಾ 40.5 ಜನರ ಯೋಚನಾಶಕ್ತಿ ಸರಿಯಾಗಿ ಉಳಿದಿತ್ತು, ಒಂದೇ ಭಾಷೆಯವರಲ್ಲಿ 19.6. ಆದರೆ ಮಾತು ಕಳೆದುಕೊಳ್ಳೋದರಲ್ಲಿ ಇಬ್ಬರಿಗೂ ವ್ಯತ್ಯಾಸ ಇರಲಿಲ್ಲ. ತುಳು ಇದ್ದದ್ದು ರೈಟರಿನ ಮಾತನ್ನ ಉಳಿಸಲಿಲ್ಲ. ಬುದ್ಧಿಗೆ ಸಹಾಯ ಮಾಡಿರಬಹುದು.

ಬೆಳೆಗಾರ: ಕಲಿಸೋದು ಯಾವುದರಲ್ಲಿ ಅಂತ ಕೇಳಿದೆ.

ಚಿಕಿತ್ಸಕಿ: ಅದಕ್ಕೇ ಬಂದೆ. ಬೋಸ್ಟನ್ ವಿಶ್ವವಿದ್ಯಾಲಯದ ಸ್ವಾತಿ ಕಿರಣ್, ಟೆಕ್ಸಾಸ್‌ನ ರಿಸ್ಟೊ ಮೀಕುಲೈನೆನ್ ಅವರ ತಂಡ ಸ್ಪ್ಯಾನಿಷ್–ಇಂಗ್ಲಿಷ್ ಆಡುವ ರೋಗಿಗಳಿಗೆ ಒಬ್ಬೊಬ್ಬರಿಗೂ ಒಂದೊಂದು ಜಾಲ ಮಾಡ್ತಾರೆ. ಯಾವ ಭಾಷೆ ಯಾವ ವಯಸ್ಸಿಗೆ ಕಲಿತ್ರು, ಎಷ್ಟು ಬಳಸಿದ್ರು ಅನ್ನೋದನ್ನ ನೋಡಿ ಹಾಗೇ ಕಲಿಸ್ತಾರೆ. ಆಮೇಲೆ ಆ ರೋಗಿ ಎಷ್ಟು ಹೆಸರು ತಪ್ಪಿಸ್ತಾರೋ ಅಷ್ಟೇ ತಪ್ಪೋ ಹಾಗೆ ಕೆಡಿಸ್ತಾರೆ. ಅಲ್ಲಿಂದ ಒಂದು ಭಾಷೆಯಲ್ಲಿ ಮರುಪಾಠ. ಆ ಭಾಷೆ ಎಷ್ಟು ಏರಿತು, ಇನ್ನೊಂದು ಎಷ್ಟು ಏರಿತು ಅಂತ ನೋಡ್ತಾರೆ. 2013ರಲ್ಲಿ ಅವರ ಒಂದು ಲೆಕ್ಕ ಬಂತು, ನಿಜವಾದ ರೋಗಿಗಳ ಚೇತರಿಕೆಗೆ ತಕ್ಕಮಟ್ಟಿಗೆ ಹೊಂದಿತು. ತುಳು–ಕನ್ನಡಕ್ಕೆ ಅಂಥದ್ದು ಸಿಕ್ಕಿದ್ರೆ ನಾನು ನಾಳೆಯೇ ಬಳಸ್ತೀನಿ. ಸದ್ಯಕ್ಕೆ ಎರಡರಲ್ಲೂ ಹೆಸರು ಕೇಳಿ, ಯಾವುದು ಮೊದಲು ಬರುತ್ತೋ ಅದರಿಂದ ಶುರು ಮಾಡ್ತಿದ್ದೀನಿ. ಇದು ನನ್ನ ಅಂದಾಜು, ವಿಜ್ಞಾನ ಅಲ್ಲ.

ಬೆಳೆಗಾರ: ಯಂತ್ರದಿಂದ ಚಿಕಿತ್ಸೆಗೆ ಬಂದ ಲಾಭ ಒಂದಾದ್ರೂ ಹೇಳಿ. ಇಲ್ಲಾಂದ್ರೆ ಇದೆಲ್ಲ ಕಾಲೇಜಿನವರ ಆಟ ಅನ್ಸುತ್ತೆ.

ಚಿಕಿತ್ಸಕಿ: ಒಂದು ಖಂಡಿತ ಇದೆ. ಮಾತು ಮರೆತವರಿಗೆ ಸುಲಭದ್ದು ಮೊದಲು ಕಲಿಸಬೇಕು ಅಂತ ಎಲ್ಲರೂ ನಂಬಿದ್ವಿ. ಹಕ್ಕಿ ಅಂದ್ರೆ ಮೊದಲು ಗುಬ್ಬಿ, ಕಾಗೆ. 1996ರಲ್ಲಿ ಪ್ಲೌಟ್ ಕೆಟ್ಟ ಜಾಲಕ್ಕೆ ಮರುಪಾಠ ಮಾಡಿದಾಗ ಉಲ್ಟಾ ಕಂಡಿತು. ಗುಂಪಿಗೆ ಅಷ್ಟಾಗಿ ಸೇರದ ಸದಸ್ಯರನ್ನ ಕಲಿಸಿದ್ರೆ ಸಾಮಾನ್ಯವಾದವು ತಾವಾಗಿ ಸುಧಾರಿಸಿದವು, ಸಾಮಾನ್ಯವಾದ್ದನ್ನ ಕಲಿಸಿದ್ರೆ ಉಳಿದವು ಏಳಲಿಲ್ಲ. ಅಂಚಿನಲ್ಲಿರೋ ಹಕ್ಕಿ ಕಲೀಬೇಕಾದ್ರೆ ಇಡೀ ಹಕ್ಕಿಕುಲದ ವಿಸ್ತಾರವೇ ಬೇಕಾಗುತ್ತೆ. 2003ರಲ್ಲಿ ಸ್ವಾತಿ ಕಿರಣ್ ಮತ್ತು ಸಿಂಥಿಯಾ ಥಾಂಪ್ಸನ್ ಅಫೇಸಿಯಾ ಇದ್ದವರ ಮೇಲೆ ಇದನ್ನ ಪ್ರಯತ್ನಿಸಿದ್ರು, ಹಾಗೇ ಆಯ್ತು. ಎಲ್ಲ ರೋಗಿಗೂ ಆಗುತ್ತೆ ಅಂತಲ್ಲ. ನಾನು ರೈಟರ್‌ಗೆ ಗುಬ್ಬಿ ಬಿಟ್ಟು ಮಂಗಟ್ಟೆ, ಗೂಬೆ, ಮನೆಯ ಕೋಳಿಯಿಂದ ಶುರು ಮಾಡಿರೋದು ಅದಕ್ಕೇ.

ಬೆಳೆಗಾರ: ಓ, ಮಂಗಟ್ಟೆ ಚಿತ್ರ ಯಾಕಪ್ಪ ಅಂದ್ಕೊಂಡೆ. ಅದರ ಹೆಸರು ಮಾತ್ರ ಸರಿಯಾಗಿ ಹೇಳಿದ. ಆದ್ರೂ ಕೇಳ್ತೀನಿ. ನಲವತ್ತು ಪದದ ಜಾಲ ಒಂದು ಮನುಷ್ಯನ ತಲೆಗೆ ಸಮ ಹೇಗೆ?

ಚಿಕಿತ್ಸಕಿ: ಸಮ ಅಲ್ಲ. ನಮ್ಮ ತಲೆಯಲ್ಲಿ ಸುಮಾರು 8,600 ಕೋಟಿ ನರಕೋಶ ಇವೆ. ಈ ಜಾಲಗಳು ಕಲಿಯೋ ಲೆಕ್ಕದ ರೀತಿಯಲ್ಲೇ ನರಗಳೂ ಕಲೀತವೆ ಅನ್ನೋಕೆ ಆಧಾರ ಗಟ್ಟಿ ಇಲ್ಲ. ಮ್ಯಾಕ್ಸ್ ಕೋಲ್ಟ್‌ಹಾರ್ಟ್ ಅನ್ನೋ ದೊಡ್ಡ ವಿದ್ವಾಂಸರು ಡೀಪ್ ಡಿಸ್ಲೆಕ್ಸಿಯಾ ಅಂದ್ರೆ ಕೆಟ್ಟ ಎಡಮಿದುಳಿನ ಓದೇ ಅಲ್ಲ, ಬಲಮಿದುಳು ಒದ್ದಾಡಿ ಓದೋದು ಅಂದ್ರು. ಅದು ನಿಜವಾದ್ರೆ ಹಿಂಟನ್–ಶಾಲಿಸ್ ಕಥೆ ಬುಡಮೇಲು. ಈಗಿನ ದೊಡ್ಡ ಭಾಷಾ ಯಂತ್ರಗಳು ಕೋಟ್ಯಂತರ ಪದಗಳ ಬರಹದಿಂದ ಕಲಿತವು, ಅವನ್ನೂ ಕೆಡಿಸಿ ನೋಡ್ತಿದ್ದಾರೆ. ಆದರೆ ಅವು ಎಷ್ಟು ದೊಡ್ಡವು ಅಂದ್ರೆ ಯಾಕೆ ಹಾಗಾಯ್ತು ಅಂತ ಹೇಳೋದೇ ಕಷ್ಟ. ನನ್ನ ಮಟ್ಟಿಗೆ ಆ ನಲವತ್ತು ಪದದ್ದೇ ಹೆಚ್ಚು ಕಲಿಸಿತು, ಯಾಕಂದ್ರೆ ಅದನ್ನ ಪೂರ್ತಿ ಬಿಚ್ಚಿ ನೋಡಬಹುದಿತ್ತು.

ಬೆಳೆಗಾರ: ಇವನಿಗೆ ಲಕ್ವ ಹೊಡೆದ ರಾತ್ರಿ ರಸ್ತೆಯಲ್ಲಿ ಆನೆ ನಿಂತಿದೆ ಅಂತ ಮನೆಯವರು ಆಸ್ಪತ್ರೆಗೆ ಹೊರಡದೆ ಬೆಳಗಾಗೋವರೆಗೂ ಕಾದ್ರು. ಅದೇ ಕೊರಗು ನನಗೆ.

ಚಿಕಿತ್ಸಕಿ: ರಕ್ತ ಹೆಪ್ಪುಗಟ್ಟಿ ಬರೋ ಲಕ್ವಕ್ಕೆ ಹೆಪ್ಪು ಕರಗಿಸೋ ಇಂಜೆಕ್ಷನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಒಳತೋಟಗಳಿಂದ ಇನ್ನೂ ದೂರ. ಬಾಯಿ ಸೊಟ್ಟಗಾದ್ರೆ, ಕೈ ಎತ್ತೋಕಾಗದಿದ್ರೆ, ಮಾತು ತೊದಲಿದ್ರೆ ತಕ್ಷಣ ಅರಣ್ಯ ಇಲಾಖೆಗೂ ಫೋನ್ ಮಾಡಿ, ಆಂಬುಲೆನ್ಸಿಗೂ ಮಾಡಿ. ಬೆಳಗಾಗಲಿ ಅಂತ ಮಾತ್ರ ಕಾಯಬೇಡಿ.

ಬೆಳೆಗಾರ: ಮುಂದಿನದಕ್ಕೆ ಆಯ್ತು. ಈಗ ಇವನಿಗೆ ನಾವು, ಇವನ ಮನೆಯವರು ಮಾಡಬೇಕಾದ್ದೇನು?

ಚಿಕಿತ್ಸಕಿ: ಒಂದು ನೋಟ್‌ಬುಕ್ ಇಡಿ. ಏನು ತೋರಿಸಿದ್ರಿ, ಅವರು ಏನಂದ್ರು, ಯಾವ ಭಾಷೆಯಲ್ಲಿ ಅಂದ್ರು, ಬರೆಯಿರಿ. ತಿದ್ದಿ ಬರೆಯಬೇಡಿ. ‘ಮೆಣಸು’ ಅಂದ್ರೆ ‘ಮೆಣಸು’ ಅಂತಲೇ. ಜಿಲ್ಲಾಸ್ಪತ್ರೆಯ ಕೇಸ್‌ಶೀಟಿನಲ್ಲಿ ಸಾಮಾನ್ಯವಾಗಿ ‘ಮಾತು ಅಸ್ಪಷ್ಟ’ ಅಂತ ಒಂದು ಸಾಲು ಇರುತ್ತೆ, ಅದರಿಂದ ನನಗೂ ಏನೂ ತಿಳಿಯಲ್ಲ, ಜಾಲ ಕಟ್ಟೋರಿಗೂ ತಿಳಿಯಲ್ಲ. ನಿಮಗೆ ಗೊತ್ತಿರೋ ಮನೆಗಳಲ್ಲಿ ಲಕ್ವದಿಂದ ಮಾತು ಹೋದವರು ಯಾರೇ ಇದ್ರೂ ಇದನ್ನೇ ಹೇಳಿ. ಮುಂದಿನ ಸಲ ಹಾಸನಕ್ಕೆ ಬರುವಾಗ ಸ್ಕ್ಯಾನ್ ಫಿಲ್ಮಿನ ಜೊತೆ ಆ ನೋಟ್‌ಬುಕ್ಕನ್ನೂ ತನ್ನಿ.